ಪತ್ರಿಕೆ ಇಲ್ಲದವರು

ಸ್ಟೇಜಿನ ಹೂವನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿಯಾಗಿತ್ತು. ರೇಷ್ಮೆ ಸೀರೆ ಉಟ್ಟ ಹೆಂಗಸೊಬ್ಬಳು ಬಣ್ಣದ ಕಾಗದ ಸುತ್ತಿದ ಪೊಟ್ಟಣವನ್ನು ಎದೆಗವಚಿಕೊಂಡು ಡೆಂಕಣಿಕೋಟೆಯ ಆ ಮದುವೆ ಛತ್ರದ ಬಾಗಿಲಿಗೆ ಬಂದು ನಿಂತಳು. ಮ್ಯಾನೇಜರ್ ವೆಂಕಟಸ್ವಾಮಿ ಕುರ್ಚಿಯಿಂದ ಏಳಲೂ ಇಲ್ಲ. ಅವಳು ಬಾಯಿ ತೆರೆಯುವ ಮೊದಲೇ ಅವನಿಗೆ ಗೊತ್ತಾಯಿತು, ಇವಳೂ ಫೋನ್ ನೋಡಿಕೊಂಡು ಬಂದವಳೇ.

"ರಿಸೆಪ್ಷನ್ನು ನೆನ್ನೆ ಸಂಜೆನೇ ಆಗೋಯ್ತು ಕಣಮ್ಮ. ಇವತ್ತು ಬೆಳಿಗ್ಗೆ ಮುಹೂರ್ತನೂ ಮುಗೀತು. ಹೆಣ್ಣನ್ನ ಕರ್ಕೊಂಡು ಹೋಗ್ಬುಟ್ರು."

"ಇವತ್ತು ಭಾನುವಾರ, ಸಂಜೆ ಆರೂವರೆ ಅಂತ ಐತಲ್ಲಣ್ಣ," ಎಂದು ಅವಳು ಫೋನನ್ನು ಅವನ ಮುಖದ ಮುಂದೆ ಹಿಡಿದಳು. ಅವನು ನೋಡಲಿಲ್ಲ. ನೋಡಿ ನೋಡಿ ಅವನಿಗೆ ಸಾಕಾಗಿತ್ತು.

ಛತ್ರದ ವೆಬ್‌ಸೈಟಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಬೆಳಿಗ್ಗೆ ಮುಹೂರ್ತ. ಈ ಕಡೆ ಮದುವೆ ನಡೆಯುವುದೇ ಹಾಗೆ. ಆದರೆ ಫೋನಿನಲ್ಲಿ ಛತ್ರದ ಹೆಸರು ಹೊಡೆದು ಹುಡುಕಿದರೆ ಕಾಣುವುದೇ ಬೇರೆ. ಹುಡುಕಿದ ಕೂಡಲೇ ಮೇಲೆ ಬರುವ ಸಾರಾಂಶ ಎರಡು ದಿನವನ್ನು ಒಂದು ಮಾಡಿ, ಭಾನುವಾರದ ತಾರೀಖಿಗೆ ಶನಿವಾರದ ಹೊತ್ತನ್ನು ಅಂಟಿಸಿ ತೋರಿಸುತ್ತಿತ್ತು. ನಮ್ಮಲ್ಲಿ ಆರತಕ್ಷತೆ ಮೊದಲು, ತಾಳಿ ಆಮೇಲೆ ಎಂದು ಅದಕ್ಕೆ ಹೇಳುವವರು ಯಾರು? ತಪ್ಪು ತಿದ್ದಿ ಎಂದು ವೆಂಕಟಸ್ವಾಮಿ ಆ ಸರ್ಚ್ ಕಂಪನಿಗೆ ಎಷ್ಟೋ ಸಲ ಬರೆದು ಹಾಕಿದ್ದ. ಪರಿಶೀಲಿಸುತ್ತಿದ್ದೇವೆ ಎಂದು ಒಮ್ಮೆ ತಮಿಳಿನಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಉತ್ತರ ಬಂದಿತ್ತು, ಅಷ್ಟೇ. ದಿನ ತಪ್ಪಿ ಬಂದವರ ಬೈಗುಳ ಮಾತ್ರ ತಪ್ಪದೆ ಇವನ ಪಾಲಿಗೆ ಬರುತ್ತಿತ್ತು, ಕನ್ನಡ, ತಮಿಳು, ತೆಲುಗು ಮೂರು ಭಾಷೆಯಲ್ಲೂ.

"ಪತ್ರಿಕೆ ನೋಡ್ಕೊಂಡು ಬರ್ಬಾರ್ದೇನಮ್ಮ?" ಎಂದು ರೇಗಿದ. ರೇಗಿದ ಮೇಲೆ ನಾಲಿಗೆ ಕಚ್ಚಿಕೊಂಡ. ಲಗ್ನಪತ್ರಿಕೆ ಕೈಯಲ್ಲಿರುವವರು ಯಾರೂ ಹೀಗೆ ಬರುವುದಿಲ್ಲ. ಹೀಗೆ ಬಂದು ಮುಖ ಸಣ್ಣದು ಮಾಡಿಕೊಂಡು ನಿಲ್ಲುವವರೆಲ್ಲ ಮಾತು ಬಿಟ್ಟ ಅಣ್ಣಂದಿರು, ಪಾಲಿನ ಜಗಳದಲ್ಲಿ ದೂರವಾದ ಚಿಕ್ಕಪ್ಪಂದಿರು. ಯಾರೂ ಕರೆಯದಿದ್ದರೂ ತಡೆಯಲಾರದೆ ಬಂದವರು.

"ನಂಗೆ ಪತ್ರಿಕೆ ಕೊಡೋರು ಯಾರಿದಾರಣ್ಣ," ಎಂದಳು ಅವಳು. "ನನ್ನೆಸ್ರು ಶಾಂತಿ. ಹುಡುಗಿ ತಾಯಿ ನಾನು."

ಗಂಡನ ಮನೆಯ ಹೊಡೆತ ತಾಳಲಾರದೆ ಅವಳು ಹೊಸೂರಿಗೆ ಬಂದು ಫ್ಯಾಕ್ಟರಿ ಸೇರಿದಾಗ ಮಗಳು ಸಿಂಚನಾ ಇನ್ನೂ ಸ್ಕೂಲಿಗೂ ಸೇರಿರಲಿಲ್ಲ. ಮಗುವನ್ನು ಅವರು ಕೊಡಲಿಲ್ಲ. ಆಮೇಲೆ ನೋಡಲೂ ಬಿಡಲಿಲ್ಲ. ಜೊತೆಗೆ ಕೆಲಸ ಮಾಡುವ, ಗಂಡನ ಊರಿನವಳೊಬ್ಬಳು ಮದುವೆ ಇಂಥ ಛತ್ರದಲ್ಲಂತೆ ಎಂದಿದ್ದಳು. ದಿನ ಅವಳಿಗೂ ಗೊತ್ತಿರಲಿಲ್ಲ.

"ಮುಹೂರ್ತಕ್ಕಾದ್ರೆ ಅವ್ರಪ್ಪನ ಕಡೆಯೋರೆಲ್ಲ ಸುತ್ತ ನಿಂತಿರ್ತಾರೆ. ರಿಸೆಪ್ಷನ್ನಲ್ಲಿ ನೀನ್ಯಾರ ಕಡೆ ಅಂತ ಯಾರೂ ಕೇಳಲ್ವಲ್ಲ. ಎಲ್ಲಾರ ಜೊತೆ ಸಾಲಲ್ಲಿ ನಿಂತು, ಒಂದ್ಸಲ ಮಕ ನೋಡಿ, ಇದನ್ನ ಕೈಗೆ ಕೊಟ್ಟು ಇಳ್ದುಬುಡಾಣ ಅಂತಿದ್ದೆ." ಪೊಟ್ಟಣವನ್ನು ತಿರುಗಿಸಿ ತೋರಿಸಿದಳು. ಕೊಟ್ಟವರ ಹೆಸರು ಬರೆಯಲು ಅಂಗಡಿಯವನು ಅಂಟಿಸಿದ್ದ ಚೀಟಿ ಖಾಲಿ ಇತ್ತು. "ಹೆಸ್ರೂ ಬರ್ದಿಲ್ಲ. ಕರೀದೆ ಬಂದೋಳು ಏನಂತ ಬರ್ಯಾದು?"

ವೆಂಕಟಸ್ವಾಮಿ ಎದ್ದು ಕುರ್ಚಿಯನ್ನು ಅವಳ ಕಡೆಗೆ ಎಳೆದ. ಏನೋ ನೆನಪಾದವನಂತೆ ಬರಿದಾದ ಸ್ಟೇಜಿನ ಕಡೆ ನೋಡಿದ.

"ಕೂತ್ಕೋಮ್ಮ. ಒಂದು ಮಾತು ಹೇಳ್ತೀನಿ. ನಮ್ ವೆಬ್‌ಸೈಟಲ್ಲಿ ಹೆಸ್ರು ಹಾಕ್ಲಾ ಅಂದ್ರೆ ಎಲ್ರೂ ಬ್ಯಾಡ ಬ್ಯಾಡ ಅಂತಾರೆ. ಈ ಹುಡುಗಿ ಮಾತ್ರ ಒಂದಿನ ಒಬ್ಳೇ ಬಂದ್ಲು. ಅಂಕಲ್, ನನ್ನೆಸ್ರು, ನಮ್ಮೂರು, ದಿನ, ಎಲ್ಲಾ ಫೋನಲ್ಲಿ ಕಾಣೋ ಹಂಗೆ ಹಾಕಿ ಅಂದ್ಲು. ಯಾಕಮ್ಮ ಅಂದೆ. ಒಬ್ರಿಗೆ ಪತ್ರಿಕೆ ಕೊಡಾಕೆ ಮನೇಲಿ ಬಿಡಲ್ಲ, ಅವ್ರಾಗಿ ಹುಡುಕುದ್ರೆ ಸಿಗ್ಲಿ ಅಂದ್ಲು." ಅವನು ಸ್ಟೇಜಿನ ಕಡೆ ಕೈ ತೋರಿಸಿದ. "ನೆನ್ನೆ ಸಾಲು ಕರಗಿ ಹೋದ್ರೂ ಸ್ಟೇಜ್ ಇಳೀಲಿಲ್ಲ. ಊಟಕ್ಕೆ ಕರುದ್ರೆ, ಇನ್ನೊಬ್ರು ಬರ್ಬೇಕು ಇರಿ ಅಂತ ಬಾಗ್ಲು ಕಡೆನೇ ನೋಡ್ತಾ ಇದ್ಲು."

ಶಾಂತಿಗೆ ಅಳು ಒತ್ತರಿಸಿ ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ನೆಲ ಗುಡಿಸುತ್ತಿದ್ದವಳು ಅವರನ್ನು ದಾಟಿಕೊಂಡು ಆಚೆ ಹೋದಳು. ಅಳು ನಿಂತ ಮೇಲೆ ವೆಂಕಟಸ್ವಾಮಿ ಕೈ ಚಾಚಿದ.

"ಇಲ್ಲಿ ಕೊಟ್ಟೋಗಮ್ಮ. ಹುಡುಗಿ ತವರಿಗೆ ಬಂದಾಗ ನಾನೇ ಹೋಗಿ ಅವಳ ಕೈಗೇ ಕೊಟ್ಟು ಬತ್ತೀನಿ."

ಅವಳು ಪೊಟ್ಟಣವನ್ನು ಇನ್ನೇನು ಅವನ ಕೈಗೆ ಇಡಬೇಕು, ಅಷ್ಟರಲ್ಲಿ ಹಿಂದಕ್ಕೆ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಖಾಲಿ ಚೀಟಿಯನ್ನು ಹೆಬ್ಬೆರಳಿನಿಂದ ಸವರಿದಳು.

"ಒಂದು ಪೆನ್ನು ಕೊಡಣ್ಣ," ಎಂದಳು. "ಕರ್ದಿರೋ ಮದ್ವೇಲಿ ಹೆಸ್ರಿಲ್ದೆ ಕೊಡಾಕಾಯ್ತದಾ?"