ಬೀಪ್ ಅನ್ನೋದು ಯಾರಿಗೆ

“ಕಾರು ಹಿಂದಕ್ಕೆ ಹೋಗೋ ಹಾಗೆ ತಿರುಗಿಸಿದ್ರೆ ಬೀಪ್ ಅನ್ನೋ ಗೇರ್ ಗುಂಡಿ ಆಗಲೇ ಇದೆಯಲ್ಲ ಮೇಡಂ, ನಿಮ್ಮದರಲ್ಲಿ ಹೊಸದೇನು?” ಡೇಜಾನ್ ನಗರದ ಪೇಟೆಂಟ್ ಕಚೇರಿಯ ಪರೀಕ್ಷಕ ಗುಕ್ ಅರ್ಜಿಯನ್ನು ತಳ್ಳಿಹಾಕಲು ಪೆನ್ನೆತ್ತಿದ.

ಕಿವಿ ಕೇಳದ ಎಂಜಿನಿಯರ್ ಬೊಕ್-ಹಿಯ ಕೈಗಳು ಸಿಡಿದೆದ್ದವು. ಅವಳ ಸನ್ನೆಗೆ ಜೊತೆಗೆ ಬಂದಿದ್ದ ತಂಗಿ ಮಾತು ಕೊಟ್ಟಳು: “ಬೀಪ್ ಅನ್ನೋದು ಯಾರಿಗೆ ಸಾರ್, ಅಂತಿದಾಳೆ ಅಕ್ಕ. ಎಲೆಕ್ಟ್ರಿಕ್ ಕಾರು ನಡುಗೋದೂ ಇಲ್ಲ. ಹಿಂದೆ ಹೋಗ್ತಿದೀವಿ ಅಂತ ನಮಗೆ ಗೋಡೆ ಬಂದು ಹೇಳ್ಬೇಕಾ?”

ಬೊಕ್-ಹಿ ಅವನ ಕಿವಿಗೆ ಹತ್ತಿ ಇಡಿಸಿ, ಕಣ್ಣು ಮುಚ್ಚಿಸಿ, ಅಂಗೈಯನ್ನು ತಾನು ಮಾಡಿ ತಂದಿದ್ದ ಗುಂಡಿಯ ಮೇಲಿಟ್ಟಳು. ಅವನು ತಿರುಗಿಸಿದಾಗ ಗುಂಡಿ ಬೆರಳ ತುದಿಗೆ ತಟ್ಟಿತು. “ಮುಂದಕ್ಕೆ,” ಎಂದ. ಮತ್ತೆ ತಿರುಗಿಸಿದ, ಮಣಿಕಟ್ಟಿನತ್ತ ತಟ್ಟಿತು. “ಹಿಂದಕ್ಕೆ.” ಯಾರೂ ಹೇಳಿಕೊಟ್ಟಿರಲಿಲ್ಲ.

“ಇಂಥದ್ದು ಎಲ್ಲೂ ಇಲ್ಲ ಮೇಡಂ, ಪೇಟೆಂಟ್ ನಿಮ್ಮದೇ.” ಕಿವಿಯಲ್ಲಿ ಹತ್ತಿಯಿದ್ದುದರಿಂದ ಮಾತು ಕೂಗಾಗಿ, ಇಡೀ ಕಚೇರಿ ತಿರುಗಿ ನೋಡಿತು. ಬೊಕ್-ಹಿ ಅದನ್ನು ಆಗಲೇ ಅವನ ತುಟಿಯಲ್ಲಿ ಓದಿಕೊಂಡಿದ್ದಳು.