ನರದ ಮೇಲೆ ನರ

ಕಳೆ ತೆಗೆದು ಹೊಲದಿಂದ ಬಂದ ಜಿಜಾಬಾಯಿಗೆ, ಮಗಳು ಗೋಡೆ ಹಿಡಿದು ನಿಂತು ಅಳುತ್ತಿರುವುದು ಕಂಡಿತು. ದ್ರೌಪತಿ ಬಸವಕಲ್ಯಾಣದ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆ ಓದುತ್ತಿದ್ದಳು. ಮರುದಿನ ಹುಮನಾಬಾದಿನಲ್ಲಿ ಓಟದ ಪಂದ್ಯವಿತ್ತು. ಅದಕ್ಕೆಂದು ಶಕುಂತಲಾಬಾಯಿ ಟೀಚರು ಎರಡು ದಿನದ ಹಿಂದೆ ಅವಳನ್ನು ಮೈದಾನದ ಸುತ್ತ ಹನ್ನೆರಡು ಸುತ್ತು ಓಡಿಸಿದ್ದರು. ಅಂದಿನಿಂದ ತೊಡೆ, ಮೀನಖಂಡ ಎಲ್ಲ ಬಿಗಿದು ಹುಡುಗಿಗೆ ಕೂತರೆ ಏಳಲಾಗದು, ಎದ್ದರೆ ಕೂರಲಾಗದು.

"ಇನ್ನಾ ನೋಯಾಕತ್ತಾವೇನು?"

"ನಾ ಓಡೂದಿಲ್ಲವ್ವ. ಟೀಚರಿಗಿ ಹೇಳಿ ಕಳಿಸು."

"ಯಾಕ? ನಿನ್ನಿತನ ಓಡ್ತೀನಿ ಓಡ್ತೀನಿ ಅಂತಿದ್ದಿ."

"ನರದ ಮ್ಯಾಲ ನರ ಏರ್ಯಾದಂತ. ಇನ್ನೊಮ್ಮಿ ಓಡಿದ್ರ ಕಾಲೇ ಹೋಗ್ತಾವಂತ. ಸಾಯೂತನ ಕುಂಟಬೇಕಂತ."

"ಯಾರಂದ್ರು?"

"ಅಪ್ಪ."

ಜಿಜಾಬಾಯಿ ಕೈಯಲ್ಲಿದ್ದ ಕಳೆ ಕೀಳುವ ಕುರುಪಿಯನ್ನು ಮೂಲೆಗೆ ಎಸೆದು ಅಂಗಳಕ್ಕೆ ಬಂದಳು. ಗಂಡ ಪಂಡರಿ ಕಟ್ಟೆಯ ಮೇಲೆ ಕೂತು, ಒಗೆದು ಒಣಗಿಸಿದ ಧೋತರವನ್ನು ನೀಟಾಗಿ ಮಡಚುತ್ತಿದ್ದ. ಮರುದಿನ ಹುಲಸೂರಿನಲ್ಲಿ ಕುಸ್ತಿ. ಅವನು ಅಖಾಡಕ್ಕಿಳಿಯುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ನೋಡುವುದನ್ನು ಮಾತ್ರ ಬಿಟ್ಟಿರಲಿಲ್ಲ.

"ಪೋರಿ ಕಾಲಾಗ ಯಾವ ನರ ಏರ್ಯಾದ, ಬಂದು ತೋರಸ್ರಿ."

"ನಿನಗೇನು ತಿಳೀತದ? ಹೆಣ್ಣಿನ ಮೈ ಅದು. ಕುದುರಿ ಓಡಿಸಿದಂಗ ಓಡಿಸ್ಯಾಳ ಆ ಟೀಚರಬಾಯಿ."

"ನಾಳಿಗಿ ನೀವು ಹುಲಸೂರಿಗಿ ಹೋದ್ರ ಕುರಿ ಯಾರು ಕಾಯೋರು?"

ಪಂಡರಿ ಧೋತರದ ಅಂಚನ್ನು ಮತ್ತೊಮ್ಮೆ ಸರಿಮಾಡಿದ. "ಪೋರಿ ಮನ್ಯಾಗೇ ಇರ್ತಾಳಲ್ಲ," ಎಂದ.

"ಓಡಿದ್ರ ಕಾಲು ಹೋಗ್ತಾವ. ಹೊತ್ತು ಮುಣಗೂತನ ಕುರಿ ಹಿಂದ ತಿರಗಿದ್ರ ಹೋಗೂದಿಲ್ಲೇನು?"

ಅವನು ಧೋತರ ಮಡಚುತ್ತಲೇ ಇದ್ದ. ಜಿಜಾಬಾಯಿಯ ದನಿ ಏರಿತು.

"ನಾ ಲಗ್ನಾಗಿ ಬಂದ ವರ್ಷ ನೀವು ತಾಲೀಮಿನಿಂದ ಬಂದು ಇದೇ ಗ್ವಾಡಿ ಹಿಡದು ನಿಂದರ್ತಿದ್ರಿ. ನಾ ಅಂಜಿ ಅಳ್ತಿದ್ದೆ. ಹೊಸದಾಗಿ ಬೈಠಕ್-ಬಸ್ಕಿ ಹೊಡದ್ರ ಕಾಲು ಹಿಂಗೇ ಹಿಡಿತಾವ, ನಾಕ ದಿನಕ್ಕ ತಾವೇ ಬಿಡ್ತಾವ ಅಂತ ನನಗ ಹೇಳಿದವರು ಯಾರು? ಬಿಸಿನೀರು ಹಾಕು, ಹಗೂರಕ ಎಣ್ಣಿ ತಿಕ್ಕು ಅಂದವರು ಯಾರು? ಕುಂತ್ರ ಇನ್ನಾ ಹಿಡಿತಾವ ಅಂತ ಇದೇ ಅಂಗಳದಾಗ ಅಡ್ಡಾಡ್ತಿದ್ದವರು ಯಾರು? ಆವಾಗ ನಿಮ್ಮ ಕಾಲಾಗ ನರ ಇರಲಿಲ್ಲೇನು?"

"ಹಗೂರ ಮಾತಾಡು. ಓಣಿ ಮಂದಿ ಕೇಳ್ತಾರ."

"ಕೇಳಲಿ! ಕುಸ್ತಿ ನೋಡ್ಲಾಕ ಹೆತ್ತ ಮಗಳಿಗಿ ಕುಂಟಿ ಆಗ್ತಿ ಅಂದಾರ ಅಂತ ಎಲ್ಲಾರೂ ಕೇಳಲಿ!"

ಒಳಗೆ ಬಂದು ಒಲೆ ಹಚ್ಚುವಾಗ ಸಿಟ್ಟಿಗೆ ಎರಡು ಕಡ್ಡಿ ಮುರಿದವು. ಮಗಳ ಕಾಲಿಗೆ ಹದವಾದ ಬಿಸಿನೀರು ಹೊಯ್ದು, ಮಂಚದ ಮೇಲೆ ಕೂರಿಸಿ, ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ತಿಕ್ಕತೊಡಗಿದಳು. ದ್ರೌಪತಿ "ಅವ್ವಾ!" ಎಂದು ಚೀರಿದಳು. ಗಂಡನ ಮೇಲಿನ ಸಿಟ್ಟು ಹೆಬ್ಬೆರಳಿಗೆ ಇಳಿದಿತ್ತು. ಜಿಜಾಬಾಯಿ ಕೈ ತೆಗೆದು ಉಸಿರು ಬಿಟ್ಟಳು. ಆಮೇಲೆ ಕೂಸಿಗೆ ಎಣ್ಣೆ ಹಚ್ಚಿದಂತೆ ಹಚ್ಚಿದಳು.

"ಏಳು, ಅಡ್ಡಾಡು."

ದ್ರೌಪತಿ ತಾಯಿಯ ಭುಜ ಹಿಡಿದು ಅಂಗಳದಲ್ಲಿ ನಡೆದಳು. ಕಟ್ಟೆಯ ಮುಂದಿನಿಂದ ಬೇಲಿಯವರೆಗೆ, ಬೇಲಿಯಿಂದ ಕಟ್ಟೆಯವರೆಗೆ. ಆರನೆಯ ಸಲ ಭುಜ ಬಿಟ್ಟಳು. ನೋವು ಇದ್ದೇ ಇತ್ತು, ಆದರೆ ಮಂಡಿ ಮಡಚುತ್ತಿತ್ತು. ಕಟ್ಟೆಯ ಮುಂದೆ ನಿಂತು ಅವಳು ಕೇಳಿದಳು:

"ಅಪ್ಪ, ನಿನಗ ಗೊತ್ತಿತ್ತೇನು?"

ಪಂಡರಿ ಧೋತರ ಎತ್ತಿಕೊಂಡು ಒಳಗೆ ಹೋದ.

ಮರುದಿನ ಮುಂಜಾನೆ ತಾಯಿ ಆ ದಿನದ ಕೂಲಿ ಬಿಟ್ಟು, ಮಗಳನ್ನು ಕರೆದುಕೊಂಡು ಹುಮನಾಬಾದಿನ ಬಸ್ಸು ಹತ್ತಿದಳು. ಕುರಿಗಳ ಹಿಂದೆ ಪಂಡರಿಯೇ ಹೋಗಬೇಕಾಯಿತು. ಓಟದ ಮೊದಲ ಹೆಜ್ಜೆಗಳಲ್ಲಿ ದ್ರೌಪತಿಯ ತೊಡೆಗಳು ಉರಿದವು. ಆಮೇಲೆ ಮುಂದೆ ಓಡುತ್ತಿದ್ದ ಹುಡುಗಿಯ ಬೆನ್ನೊಂದೇ ಕಂಡಿತು. ಎರಡನೆಯವಳಾಗಿ ಬಂದಳು. ಮೊದಲಿಬ್ಬರನ್ನು ಬೀದರಿನ ಪಂದ್ಯಕ್ಕೆ ಆರಿಸಿದರು.

ಸಂಜೆ ಪಂಡರಿ ಕುರಿಗಳನ್ನು ಹಟ್ಟಿಯಲ್ಲಿ ಕೂಡಿಹಾಕಿ ಬಂದ. ಸುದ್ದಿ ಆಗಲೇ ಓಣಿಯೆಲ್ಲ ಹಬ್ಬಿತ್ತು. ಕಾಲು ತೊಳೆದುಕೊಂಡು ಮಗಳಿಂದ ತುಸು ದೂರದಲ್ಲಿ ಕೂತ.

"ಬೀದರಿಗಿ ಹದಿನೈದು ದಿನ ಅದ. ಒಮ್ಮಿಗೇ ಜೋರ ಓಡಬ್ಯಾಡ. ಮೊದಲ ನಡಿ, ಮೈ ಬಿಸಿ ಆದ ಮ್ಯಾಲ ಓಡು. ದಿನಾ ಎರಡ ಸುತ್ತು ಹೆಚ್ಚ ಮಾಡು. ಓಡಿ ಬಂದಕಿ ಗಪ್ಪನೆ ಕೂಡಬ್ಯಾಡ, ಹಂಗೇ ಅಡ್ಡಾಡು. ಕಾಲು ಹಿಡಿಯೂದಿಲ್ಲ."

ದ್ರೌಪತಿ ಅದಷ್ಟನ್ನೂ ಕಿವಿಗೊಟ್ಟು ಕೇಳಿದಳು. ಆಮೇಲೆ ಒಲೆಯ ಮುಂದಿದ್ದ ತಾಯಿಯ ಕಡೆ ತಿರುಗಿದಳು.

"ಅವ್ವ, ಇದಾದ್ರೂ ಖರೆ ಅದ ಏನು?"