ಫಾರ್ಮಿನಲ್ಲಿ ಬರೆಯದ ಮಾತು

ಸೇವಂತಿ ಟೀಚರ್ ಸುಳ್ಳು ಹೇಳುವವಳಲ್ಲ... ಆದರೂ ಆಸ್ಪತ್ರೆಯ ಫಾರ್ಮಿನಲ್ಲಿ ಒಂದು ಸುಳ್ಳು ಬರೆದುಬಿಟ್ಟಿದ್ದಳು.

‘ಮನೆಯಲ್ಲಿ ಆಡುವ ಭಾಷೆ?’ ಎಂದು ಕೇಳಿದ ಕಡೆ ‘ಕನ್ನಡ’ ಅಂತಷ್ಟೇ ಬರೆದಿದ್ದಳು.

ಅವಳು ಹುಟ್ಟಿದ್ದು ವಿಜಯಪುರದ ಕಡೆಯ ಒಂದು ತಾಂಡಾದಲ್ಲಿ. ತಾಯಿ ದೇವ್ಲಿಬಾಯಿಗೆ ಲಂಬಾಣಿ ಬಿಟ್ಟರೆ ಬೇರೆ ಮಾತೇ ಬಾರದು.

ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅವಳು ತಾಯಿಯೊಂದಿಗೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ ಸ್ಟಾಫ್ ರೂಮಿನಲ್ಲಿ ಯಾರೋ ಕಿಸಕ್ಕನೆ ನಕ್ಕಿದ್ದರು. ಅಂದಿನಿಂದ ತಾಯಿಯ ಫೋನ್ ಬಂದರೆ ಗೇಟಿನಾಚೆಗೆ ಹೋಗುತ್ತಿದ್ದಳು... ಹದಿನಾಲ್ಕು ವರ್ಷ.

ಈಗ ಮಿದುಳಿನಲ್ಲಿ ಗಡ್ಡೆ. ಅದೂ ಮಾತಿನ ಜಾಗದ ಪಕ್ಕದಲ್ಲೇ.

“ನಿಮ್ಮನ್ನ ಎಚ್ಚರ ಇಟ್ಟೇ ಆಪರೇಷನ್ ಮಾಡ್ತೀವ್ರಿ ಟೀಚರ್,” ಎಂದಿದ್ದರು ಡಾಕ್ಟರು. “ಮಿದುಳಿಗೆ ಸಣ್ಣಗೆ ಕರೆಂಟ್ ಮುಟ್ಟಸ್ತೀನಿ. ನೀವು ಚಿತ್ರ ನೋಡಿ ಹೆಸರು ಹೇಳ್ರಿ. ಎಲ್ಲಿ ಮಾತು ನಿಲ್ತದೋ, ಆ ಜಾಗ ಮುಟ್ಟೂದಿಲ್ಲ. ಒಂದೊಂದು ಭಾಷೆಗೆ ಒಂದೊಂದು ಜಾಗ ಇರಬಹುದು... ಬೇರೆ ಭಾಷೆ ಏನರ ಅದಾವೇನ್ರಿ?”

“ಇಲ್ರೀ,” ಎಂದಿದ್ದಳು.

ಪಕ್ಕದಲ್ಲೇ ಕೂತಿದ್ದ ತಾಯಿಗೆ ಅದೇನೂ ಅರ್ಥವಾಗಿರಲಿಲ್ಲ. ಮಗಳ ಬೆನ್ನು ಸವರುತ್ತಿದ್ದಳು, ಅಷ್ಟೇ.

ಆಪರೇಷನ್ ದಿನ ತಲೆ ಅಲುಗದಂತೆ ಬಿಗಿದಿದ್ದರು. ಚಿತ್ರಗಳು ಒಂದೊಂದಾಗಿ ಬಂದವು, ಒಂದೊಂದಕ್ಕೂ ಡಾಕ್ಟರು ಕರೆಂಟ್ ಮುಟ್ಟಿಸುತ್ತಿದ್ದರು.

ಹೂವು... ಬಸ್ಸು... ರೊಟ್ಟಿ... ಎಲ್ಲ ಸರಿಯಾಗಿಯೇ ಹೇಳಿದಳು.

“ಇಲ್ಲಿ ಮಾತಿಲ್ಲ. ಇಷ್ಟು ತೆಗೀಬಹುದು,” ಎಂದರು ಡಾಕ್ಟರು.

ಸೇವಂತಿಗೆ ಆಗ ಹೊಳೆಯಿತು.

ರೊಟ್ಟಿಯ ಚಿತ್ರ ಕಂಡಾಗ ತಾಯಿ ತಟ್ಟುವ ರೊಟ್ಟಿ ನೆನಪಾಗಿತ್ತು. ಅದಕ್ಕೆ ತಾಯಿ ಏನೆನ್ನುತ್ತಾಳೆ ಎಂದು ಮನಸ್ಸಿನಲ್ಲೇ ಹುಡುಕಿದ್ದಳು... ಸಿಕ್ಕಿರಲಿಲ್ಲ.

“ತಡೀರಿ ಸಾಹೇಬ್ರ... ನಾ ಸುಳ್ಳು ಹೇಳೀನಿ. ನಮ್ಮ ಮನಿ ಮಾತು ಲಂಬಾಣಿ. ನಮ್ಮವ್ವಗ ಅದೊಂದೇ ಬರೂದು.”

ಡಾಕ್ಟರ ಕೈ ನಿಂತಿತು. ಬೈಯಲಿಲ್ಲ. “ಹಂಗಾರ ಅದರಾಗೇ ಹೇಳ್ರಿ,” ಎಂದು ಅದೇ ರೊಟ್ಟಿಯ ಚಿತ್ರ ತೋರಿಸಿದರು.

ಕರೆಂಟ್ ಮುಟ್ಟಿತು... ತುಟಿ ಅಲುಗಿತು, ಮಾತು ಬರಲಿಲ್ಲ.

ಕರೆಂಟ್ ತೆಗೆದರು... “ಬಾಟಿ,” ಎಂದಳು. ಕಣ್ಣಿನಿಂದ ನೀರು ಇಳಿದು ಕಿವಿಗೆ ಸೇರಿತು.

ಮೂರು ಸಲವೂ ಹಾಗೆಯೇ ಆಯಿತು.

“ಈ ಚೂರು ಬಿಟ್ರ ಗಡ್ಡೆ ಮತ್ತ ಬೆಳೀಬಹುದ್ರಿ ಟೀಚರ್. ರೇಡಿಯೇಷನ್ ಬೇಕಾಗ್ತದ.”

“ಬಿಡ್ರಿ ಸಾಹೇಬ್ರ... ಅವ್ವನ ಜೋಡಿ ಮಾತಾಡಾಕ ಬರಲಿಲ್ಲಂದ್ರ, ನಾ ಉಳದು ಏನು ಮಾಡ್ಲಿ?”

ಆ ಚೂರನ್ನು ಹಾಗೆಯೇ ಬಿಟ್ಟರು.

ಮೂರನೆಯ ದಿನ ಶಾಲೆಯ ಟೀಚರುಗಳೆಲ್ಲ ನೋಡಲು ಬಂದರು. ಅವರನ್ನು ಕಂಡದ್ದೇ ದೇವ್ಲಿಬಾಯಿ ಎದ್ದು ಬಾಗಿಲಾಚೆ ಹೊರಟಳು... ಮಗಳಿಗೆ ಮುಜುಗರವಾಗಬಾರದು ಎಂದು. ಮಗಳು ಗೇಟಿನಾಚೆಗೆ ಹೋಗಿ ಮಾತಾಡುವುದು ಆಕೆಗೆ ಮೊದಲಿನಿಂದಲೂ ಗೊತ್ತಿತ್ತು.

“ಯಾಡಿ...”

ಅವ್ವಾ, ಎಂದು ಕರೆದಿದ್ದಳು ಸೇವಂತಿ. ಎಲ್ಲರೆದುರು, ಎಲ್ಲರಿಗೂ ಕೇಳುವ ಹಾಗೆ.

ದೇವ್ಲಿಬಾಯಿ ಬಾಗಿಲಲ್ಲೇ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

*ನಾಚಿಕೆಪಟ್ಟು ಮುಚ್ಚಿಟ್ಟದ್ದನ್ನು ಯಾವ ಡಾಕ್ಟರೂ ಉಳಿಸಿಕೊಡಲಾರರು.*

ಇವತ್ತು ನಾಲ್ಕು ಜನರ ನಡುವೆ ಕೂತಾಗ ನಿಮ್ಮ ಅವ್ವನ ಫೋನ್ ಬಂದರೆ... ಅಲ್ಲೇ ಮಾತಾಡುತ್ತೀರೋ, ಎದ್ದು ಹೊರಗೆ ಹೋಗುತ್ತೀರೋ?